ನಕ್ಷೆಯಲ್ಲಿದ್ದ ದಾರಿ

ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದಳು. ತರಬೇತಿಯಲ್ಲಿ ಉಪಕರಣ ಹಿಡಿಯುವುದು, ನಕ್ಷೆ ಎಳೆಯುವುದು ಎಲ್ಲ ಕಲಿಸಿದ್ದಾರಂತೆ. ಜನ ಏನಾದರೂ ಕೇಳಿದರೆ ಏನು ಹೇಳಬೇಕು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ ಎಂದಳು. ಮೂವತ್ತು ವರ್ಷಕ್ಕೂ ಮೇಲೆ ಅರಸೀಕೆರೆ, ಬೇಲೂರು ಸೀಮೆಯ ಹೊಲ, ತೋಟ, ಮನೆ ಅಳೆದವಳು ನಾನು, ಸರ್ವಮಂಗಳ. ಆ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳುವಂಥದ್ದಲ್ಲ. ಅವಳನ್ನು ಏನೋ ಎರಡು ಮಾತು ಹೇಳಿ ಕಳಿಸಿದೆ. ಮಿಕ್ಕದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ.

ನಾನು ಸೇರಿದಾಗ ಈ ಕೆಲಸದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಗಂಡಸಿ ಕಡೆಯ ಹಳ್ಳಿಗೆ ಹೋಗಿ ಬಸ್ಸಿಳಿದರೆ ಕಾಯುತ್ತಿದ್ದ ರೈತರು ನನ್ನ ಬೆನ್ನ ಹಿಂದೆ ಇಣುಕುತ್ತಿದ್ದರು, ಸಾಹೇಬರು ಇನ್ನೂ ಇಳಿಯಬೇಕೇನೋ ಎಂದು. ನನ್ನ ಜೊತೆ ಸರಪಳಿ ಹೊತ್ತು ಬರುತ್ತಿದ್ದ ಬೋರಣ್ಣ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ‘ಇವ್ರೇ ಕಣ್ರಪ್ಪಾ ಸಾಹೇಬ್ರು, ನಡೀರಿ’ ಎಂದು ಮುಂದೆ ಹೊರಟುಬಿಡುತ್ತಿದ್ದ. ಆಗ ನಮ್ಮ ಆಸ್ತಿ ಎಂದರೆ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಮಾಲೇಕಲ್ಲು ಬೆಟ್ಟದ ಬುಡದ ಇಳಿಜಾರಿನಲ್ಲಿ ಅದನ್ನು ಮಟ್ಟಸವಾಗಿ ಎಳೆದು ಹಿಡಿಯುವುದರಲ್ಲಿ ರಟ್ಟೆ ಬಿದ್ದುಹೋಗುತ್ತಿತ್ತು. ಈಗ ಕೋಲಿನ ತುದಿಯಲ್ಲಿ ಯಂತ್ರ ಇಟ್ಟುಕೊಂಡು ನಿಂತರೆ ಆಕಾಶದಿಂದ ಅಳತೆ ಬರುತ್ತದೆ. ನೀವು ಪುಣ್ಯವಂತರು. ಆದರೆ ಒಂದು ಮಾತು ನೆನಪಿರಲಿ, ಸರಪಳಿ ಎಳೆಯುವವನು ಹೊಲದ ಪ್ರತಿ ಗಜವನ್ನೂ ತುಳಿಯಬೇಕಿತ್ತು, ತುಳಿದದ್ದು ಗೊತ್ತಾಗುತ್ತಿತ್ತು.

ತುಳಿದೂ ತಪ್ಪು ಮಾಡಿದ್ದೇನೆ. ಗಂಡಸಿಯ ಹತ್ತಿರ ಅಣ್ಣತಮ್ಮಂದಿರ ತೆಂಗಿನ ತೋಟ. ಗಡಿಗೆ ಹಿಂದಿನವರು ನೆಟ್ಟ ಬಾಂದುಕಲ್ಲು ಎಲ್ಲಿ ಎಂದರೆ ತಿಪ್ಪೆಯ ಪಕ್ಕದ ಒಂದು ಕಲ್ಲನ್ನು ತೋರಿಸಿದರು. ನಾನು ಅಲ್ಲಿಂದಲೇ ಸರಪಳಿ ಹಾಕಿದೆ. ಅದು ಯಾವ ಕಾಲದಲ್ಲೋ ಯಾರೋ ಎಮ್ಮೆ ಕಟ್ಟುವುದಕ್ಕೆ ಕಿತ್ತು ತಂದು ಹುಗಿದಿದ್ದ ಕಲ್ಲು. ನನ್ನ ಅಳತೆಯ ಪ್ರಕಾರ ಹನ್ನೊಂದು ಮರ ತಮ್ಮನ ಕಡೆಗೆ ಬಂದವು. ಅಣ್ಣ ನಾವು ಊರು ಬಿಟ್ಟ ಮಾರನೇ ದಿನವೇ ಹನ್ನೊಂದನ್ನೂ ಬುಡಸಮೇತ ಕಡಿಸಿ ಹಾಕಿದ, ತನಗಿಲ್ಲದ್ದು ಅವನಿಗೂ ಬೇಡ ಎಂದು. ಮೇಲ್ಮನವಿ ಹೋಗಿ ಮರು ಅಳತೆಯಾದಾಗ ಆ ಮರಗಳು ಅಣ್ಣನವೇ ಎಂದಾಯಿತು. ಅವನು ನನಗೆ ಬೈಯಲಿಲ್ಲ. ಕಡಿದ ಬುಡಗಳ ಮೇಲೆ ಒಂದೊಂದಾಗಿ ಕೈಯಿಟ್ಟುಕೊಂಡು ಸಾಲಿನ ಕೊನೆಯವರೆಗೆ ಹೋದ, ಮತ್ತೆ ತಿರುಗಿ ಬಂದ. ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ಆ ಮೇಲೆ ಬೇಲೂರಿನ ಕಡೆಗೆ ವರ್ಗವಾಯಿತು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಒಬ್ಬ ಮನೆ ಯಜಮಾನರು ಅಳತೆಗೆ ಅರ್ಜಿ ಕೊಟ್ಟಿದ್ದರು. ಮಳೆಗೆ ಹಿಂಬದಿ ಗೋಡೆ ಬಿದ್ದಿತ್ತು, ಕಟ್ಟಿಸಬೇಕಿತ್ತು. ಖಾತೆ ಅವರ ಹೆಸರಿನಲ್ಲಿದೆ, ತಾತನ ಕಾಲದ ಮನೆ, ಕಂದಾಯ ಕಟ್ಟಿದ ರಸೀದಿ ಕಟ್ಟುಗಟ್ಟಲೆ ಇದೆ. ಆದರೆ ಆ ಊರಿನ ಹಳೇ ಜೈನ ಬಸದಿಗಳು ಸಂರಕ್ಷಿತ ಸ್ಮಾರಕ. ಅದರ ಗಡಿಯಿಂದ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಇದ್ದದ್ದನ್ನು ರಿಪೇರಿ ಮಾಡಲಿಕ್ಕೂ ಅಪ್ಪಣೆ ಬೇಕು. ಅಲ್ಲಿಂದಾಚೆ ಇನ್ನೂರು ಮೀಟರಿನವರೆಗೂ ಅಪ್ಪಣೆಯಿಲ್ಲದೆ ಏನೂ ನಡೆಯುವುದಿಲ್ಲ. ಆಗ ನನಗೆ ಇದೆಲ್ಲ ಅರೆಬರೆ ಗೊತ್ತಿತ್ತು. ನಾನು ಬಸದಿಯ ಗೋಡೆಯಿಂದ ಲೆಕ್ಕ ಹಿಡಿದೆ. ಹಿಡಿಯಬೇಕಾದ್ದು ಅದರ ಸುತ್ತಿನ ಬೇಲಿಯಿಂದ. ‘ನೀವು ನೂರರ ಆಚೆ ಇದ್ದೀರಿ, ಬಿದ್ದ ಗೋಡೆ ತಾನೆ, ಎಬ್ಬಿಸಿಕೊಳ್ಳಿ’ ಎಂದುಬಿಟ್ಟೆ. ಯಜಮಾನರು ಎಬ್ಬಿಸಿದರು. ನೋಟೀಸು ಬಂತು, ಎಬ್ಬಿಸಿದ್ದನ್ನು ಅವರೇ ಕೆಡವಬೇಕಾಯಿತು. ‘ಸರ್ವೆ ಮೇಡಮ್ಮೇ ಹೇಳಿದ್ರು’ ಎಂದು ಅವರು ಬರೆದುಕೊಟ್ಟ ಕಾಗದ ನಮ್ಮ ಆಫೀಸಿಗೆ ಬಂತು.

ನನ್ನನ್ನು ಉಳಿಸಿದವರು ನಮ್ಮ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಲಂಚ ಮುಟ್ಟದವರು, ಈಗ ಇಲ್ಲ. ಹೇಗೋ ಆ ಕಾಗದವನ್ನು ಮುಂದೆ ಹೋಗದಂತೆ ತಡೆದು, ನನ್ನನ್ನು ಕೂರಿಸಿಕೊಂಡು ಒಂದು ಪಾಠ ಹೇಳಿದರು. ‘ನೋಡಮ್ಮ ಮಂಗಳಾ, ಜನ ಏನು ಕೇಳಿದ್ರೂ ನಮ್ಮ ಹತ್ರ ಎರಡೇ ಉತ್ತರ. ನಕ್ಷೇಲಿ ಐತೆ. ನಕ್ಷೇಲಿ ಇಲ್ಲ. ಅದರಾಚೆಗೆ ಬಾಯಿ ಬಿಟ್ಟೆಯೋ, ಕೆಟ್ಟೆ.’ ನನಗೆ ಅದು ಗುರೂಪದೇಶದ ಹಾಗೆ ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮನೂ ಹೇಳುತ್ತಿದ್ದಳಲ್ಲ. ಆ ಮೇಲೆ ಇಪ್ಪತ್ತು ವರ್ಷ ನಾನು ಆ ಎರಡು ಉತ್ತರಗಳಲ್ಲೇ ಬದುಕಿದೆ. ನನ್ನ ಮೇಲೆ ಒಂದು ದೂರೂ ಬರಲಿಲ್ಲ. ಒಳ್ಳೆಯ ಸರ್ವೆಯರ್ ಎಂದು ಹೆಸರೂ ಬಂತು.

ಇನ್ನು ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಬೇಲೂರಿನ ಆಚೆ ಅಣೆಕಟ್ಟೆಯ ಹಿನ್ನೀರು ಹರಡಿಕೊಂಡಿರುವ ಜಾಗದಲ್ಲಿ ಒಂದು ದಿಣ್ಣೆ ಇದೆ. ಅದರ ಮೇಲೆ ಒಂದು ಹೆಂಚಿನ ಮನೆ, ಹತ್ತಿಪ್ಪತ್ತು ತೆಂಗು, ಒಂದು ಬಾವಿ. ಕಟ್ಟೆ ಕಟ್ಟಿದಾಗ ನೀರು ಎಲ್ಲಿಯವರೆಗೆ ಬರುತ್ತದೆಂದು ಅಳೆದು, ಅಲ್ಲಿಯವರೆಗಿನ ಜಮೀನನ್ನು ಸರ್ಕಾರ ತೆಗೆದುಕೊಂಡಿತು. ದಿಣ್ಣೆ ಎತ್ತರದಲ್ಲಿದ್ದುದರಿಂದ ಎರಡೂವರೆ ಎಕರೆ ಉಳಿಯಿತು. ಅದು ಜವರೇಗೌಡರದು. ಅವರ ಸಂಸಾರ ದಡದ ಮೇಲಿನ ಊರಿಗೆ ಬಂದು ಎಷ್ಟೋ ವರ್ಷವಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ನಡೆದುಕೊಂಡು, ಮಳೆಗಾಲದಲ್ಲಿ ತೆಪ್ಪದಲ್ಲಿ ಹೋಗಿ ಕಾಯಿ ಇಳಿಸಿಕೊಂಡು ಬರುತ್ತಿದ್ದರು. ಮಾರುವ ಮನಸ್ಸಾಯಿತು. ಒಂದು ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲು ಆ ಭಾಗದ ನಕ್ಷೆ ಆಗಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಆ ನಕ್ಷೆಗೆ ನನ್ನನ್ನು ಹಾಕಿದರು.

ಕೊಳ್ಳುವವರು ನಮ್ಮ ಅರಸೀಕೆರೆಯವರೇ. ವಿಶಾಲಾಕ್ಷಿ ಟೀಚರ್. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾದವರಲ್ಲ. ಅವರ ಜೊತೆಗಿದ್ದದ್ದು ತಮ್ಮ ನಂಜುಂಡ. ನಲವತ್ತೈದು ದಾಟಿದ್ದರೂ ಬುದ್ಧಿ ಐದು ವರ್ಷದ ಮಗುವಿನದು. ತಂದೆತಾಯಿ ಹೋದ ಮೇಲೆ ಅವನಿಗೆ ಅಕ್ಕನೇ ಎಲ್ಲ. ಅವನಿಗೆ ರೈಲು ಎಂದರೆ ಪ್ರಾಣ. ಅರಸೀಕೆರೆಯಲ್ಲಿ ಹಗಲೂ ರಾತ್ರಿ ಗಾಡಿ ಕೂಗುತ್ತಲೇ ಇರುತ್ತದೆ, ಕೂಗು ಕೇಳಿದರೆ ಇವನು ಬಾಗಿಲು ತೆಗೆದುಕೊಂಡು ಹಳಿಯ ಕಡೆ ಓಡುತ್ತಿದ್ದ. ಎರಡು ಸಲ ಗ್ಯಾಂಗ್‌ಮನ್‌ಗಳು ಹಿಡಿದು ತಂದಿದ್ದರು. ಶಾಲೆಗೆ ಹೋಗುವಾಗ ಒಳಗೆ ಹಾಕಿ ಬೀಗ ಹಾಕುತ್ತಿದ್ದರಂತೆ. ‘ಮೂವತ್ತು ವರ್ಷ ಬೀಗ ಹಾಕಿದೀನಿ ಮೇಡಂ, ಇನ್ನಾದ್ರೂ ಅವನಿಗೆ ಬಾಗಿಲು ತೆಗೆದಿಟ್ಟು ಬದುಕಬೇಕು’ ಎಂದರು. ನಂಜುಂಡನಿಗೆ ನೀರು ಕಂಡರೆ ಭಯ, ಸ್ನಾನಕ್ಕೂ ಪುಸಲಾಯಿಸಬೇಕು. ಸುತ್ತ ನೀರಿದ್ದರೆ ಅವನು ಎಲ್ಲಿಗೂ ಹೋಗುವುದಿಲ್ಲ, ರೈಲಂತೂ ಇಲ್ಲವೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಅಷ್ಟು. ಅದಕ್ಕೆ ಅರಸೀಕೆರೆಯ ಮನೆ ಮಾರಿ, ನಿವೃತ್ತಿಯಲ್ಲಿ ಬಂದದ್ದನ್ನೂ ಸೇರಿಸಿ ಇಲ್ಲಿಗೆ ಬಂದಿದ್ದರು. ಮೊದಲು ಬೇಸಾಯದ ಮನೆತನದವರಲ್ಲದಿದ್ದರೆ ಜಮೀನು ಕೊಳ್ಳುವಂತಿರಲಿಲ್ಲ. ಆ ಕಟ್ಟು ಸಡಿಲಾಗಿ ಸ್ವಲ್ಪ ಕಾಲವಾಗಿತ್ತು.

ಅಳತೆಗೆ ಹೋದದ್ದು ಏಪ್ರಿಲ್‌ನಲ್ಲಿ. ಸರ್ವೆಯವರು ಬೇಸಿಗೆಯಲ್ಲೇ ಹೋಗುವುದು, ಬೆಳೆ ಇರುವುದಿಲ್ಲ, ಕಲ್ಲು ಕಾಣುತ್ತವೆ. ನೀರು ಎಲ್ಲೋ ದೂರದಲ್ಲಿ ಹೊಳೆಯುತ್ತಿತ್ತು. ದಡದಿಂದ ದಿಣ್ಣೆಗೆ ಹಳೇ ಬಂಡಿದಾರಿ ಗಟ್ಟಿಯಾಗಿ ಒಣಗಿ ಬಿದ್ದಿತ್ತು. ನಾನೂ ಬೋರಣ್ಣನ ಜಾಗಕ್ಕೆ ಬಂದಿದ್ದ ಸಹಾಯಕನೂ ಜೀಪಿನಲ್ಲೇ ಹೋದೆವು. ಟೀಚರೂ ನಂಜುಂಡನೂ ಜವರೇಗೌಡರೂ ಆಗಲೇ ಅಲ್ಲಿದ್ದರು.

ದಿಣ್ಣೆಯ ಏರಿನಲ್ಲಿ ಸಾಲಾಗಿ ಕಲ್ಲುಗಳಿವೆ. ಕಟ್ಟೆ ತುಂಬಿದಾಗ ನೀರು ಆ ಕಲ್ಲಿನವರೆಗೆ ಬರುತ್ತದೆ ಎಂದು ಗುರುತು. ಅವುಗಳ ಕೆಳಗಿನದೆಲ್ಲ ಸರ್ಕಾರದ್ದು, ಮೇಲಿನದು ಜವರೇಗೌಡರದು. ನಾನು ಕಲ್ಲಿನ ಪಕ್ಕ ನಿಂತು ಕೆಳಗೆ ನೋಡಿದೆ. ಬಂಡಿದಾರಿ ನನ್ನ ಕಾಲಿಗಿಂತ ಎರಡಾಳು ಕೆಳಗೆ ಇತ್ತು. ಮಳೆಗಾಲದಲ್ಲಿ ಅದು ನೀರಿನ ತಳ ಎನ್ನುವುದಕ್ಕೆ ಯಂತ್ರವೂ ಬೇಡ, ಸರಪಳಿಯೂ ಬೇಡ. ನಾನು ಅಳತೆ ಗುರುತಿಸುವ ಕ್ಷೇತ್ರ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ, ‘ದಾರಿ ಮಳೆಗಾಲದಲ್ಲಿ ಮುಳುಗಡೆ’ ಎಂದು.

ಮಧ್ಯಾಹ್ನ ಟೀಚರ್ ತಂದಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಲ್ಲರೂ ಜಗುಲಿಯ ಮೇಲೆ ಕೂತು ತಿಂದೆವು. ನಂಜುಂಡ ನನ್ನ ಯಂತ್ರದ ಕೋಲನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಟೀಚರ್ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದರು. ದಿಣ್ಣೆಯ ಸುತ್ತ ಬರುತ್ತದೆ ಎಂದೆ. ಅವರ ಮುಖ ಅರಳಿತು, ಅವರಿಗೆ ಬೇಕಾಗಿದ್ದದ್ದೇ ಅದು. ಆಮೇಲೆ ಕೇಳಿದರು.

‘ಇವನಿಗೆ ಒಂದೊಂದ್ಸಲ ಫಿಟ್ಸ್ ಬರುತ್ತೆ ಮೇಡಂ. ಆಸ್ಪತ್ರೆಗೆ ಓಡಬೇಕಾದ್ರೆ ದಾರಿ ಐತಲ್ಲ?’

‘ನಕ್ಷೇಲಿ ಐತೆ’ ಎಂದೆ.

ಸುಳ್ಳಲ್ಲ. ಬ್ರಿಟಿಷರ ಕಾಲದ ಹಳ್ಳಿ ನಕ್ಷೆಯಲ್ಲಿ ಆ ಬಂಡಿದಾರಿ ಚುಕ್ಕೆ ಗೆರೆಯಲ್ಲಿ ಇದೆ. ಅವರು ತಲೆಯಾಡಿಸಿದರು. ಅರಸೀಕೆರೆಯ ಕಡೆ ಕೆರೆ ಎಂದರೆ ನಾಲ್ಕು ವರ್ಷಕ್ಕೊಮ್ಮೆ ತುಂಬಿದರೆ ಹೆಚ್ಚು, ತುಂಬಿದರೂ ದಾರಿ ದಾರಿಯ ಜಾಗದಲ್ಲೇ ಇರುತ್ತದೆ. ನೀರೂ ಇರುತ್ತದೆ, ದಾರಿಯೂ ಇರುತ್ತದೆ ಎಂದು ಅವರು ತಿಳಿದುಕೊಂಡದ್ದರಲ್ಲಿ ತಪ್ಪಿಲ್ಲ. ಮೇಲೆ ಚಿಕ್ಕಮಗಳೂರಿನ ಬೆಟ್ಟದಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ ಎಂದು ಬೇಲೂರಿನ ಕಡೆಯ ಮಗುವಿಗೂ ಗೊತ್ತು. ನಾನು ಅರಸೀಕೆರೆಯವಳಾಗಿ, ಅವರಿಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಈ ವಾಕ್ಯವನ್ನು ಯಾರ ಎದುರಿಗೂ ಹೇಳಿರಲಿಲ್ಲ.

ಆಫೀಸಿಗೆ ಬಂದು ನಕ್ಷೆ ಸಿದ್ಧ ಮಾಡುವಾಗ ಪೆನ್ಸಿಲಿನ ಮಾತು ಕಣ್ಣಿಗೆ ಬಿತ್ತು. ನಮ್ಮಲ್ಲಿ ಹೊಲದಲ್ಲಿ ಪೆನ್ಸಿಲು, ಆಫೀಸಿನಲ್ಲಿ ಶಾಯಿ. ಶಾಯಿಗೆ ಬಂದದ್ದೇ ದಾಖಲೆ, ಉಳಿದದ್ದು ರಬ್ಬರಿಗೆ. ಆಗಿದ್ದ ಮೇಲಧಿಕಾರಿ ಹೊಸಬರು. ದಾರಿಯನ್ನು ಏನು ಮಾಡಲಿ ಎಂದು ಕೇಳಿದೆ. ಮುಳುಗಿದ ಜಮೀನಿನ ದಾರಿಯನ್ನು ತೆಗೆದುಹಾಕಬೇಕೆಂದು ತಿದ್ದುಪಡಿ ಆದೇಶ ಬಂದಿದೆಯೇ ಎಂದರು. ಬಂದಿರಲಿಲ್ಲ. ಕಟ್ಟೆ ಕಟ್ಟಿ ಅಷ್ಟು ಕಾಲವಾದರೂ ಆ ಕಾಗದ ಯಾವ ಮೇಜಿನ ಮೇಲೆ ಕೂತಿತ್ತೋ ಗೊತ್ತಿಲ್ಲ. ‘ಮತ್ತೆ ಹಳೇ ನಕ್ಷೇಲಿರೋದನ್ನ ಅಳಿಸೋಕೆ ನಾವ್ಯಾರು? ಇದ್ದ ಹಾಗೆ ಎತ್ತಿಬಿಡಿ’ ಎಂದರು. ನಿಯಮ ಅವರು ಹೇಳಿದ್ದೇ ಸರಿ. ಅಳಿಸುವಂತಿರಲಿಲ್ಲ. ಆದರೆ ಪಕ್ಕದಲ್ಲಿ ಒಂದು ಷರಾ ಬರೆಯಬಾರದೆಂದು ಯಾವ ನಿಯಮವೂ ಇಲ್ಲ, ಅವರೂ ಬರೆಯಬೇಡಿ ಎನ್ನಲಿಲ್ಲ. ನಾನು ಚುಕ್ಕೆ ಗೆರೆಯನ್ನು ಶಾಯಿಯಲ್ಲಿ ಎಳೆದೆ, ‘ಬಂಡಿದಾರಿ’ ಎಂದು ಬರೆದೆ, ಪೆನ್ಸಿಲಿನ ಮಾತನ್ನು ಬಿಟ್ಟೆ. ಬಸ್ತಿಹಳ್ಳಿಯ ಕಾಗದ ನೆನಪಿಗೆ ಬಂದಿತ್ತು.

ನೋಂದಣಿಯ ದಿನ ಜವರೇಗೌಡರು ಟೀಚರಿಗೆ ಮನೆಯ ಜೊತೆ ತೆಪ್ಪವನ್ನೂ ಕೊಡುತ್ತೇನೆ ಎಂದಿದ್ದರಂತೆ. ಟೀಚರ್ ನಕ್ಷೆ ತೋರಿಸಿ, ದಾರಿ ಇರುವಾಗ ತೆಪ್ಪ ಯಾಕೆ, ನಂಜುಂಡ ಅದನ್ನು ಕಂಡರೇ ಹೆದರುತ್ತಾನೆ ಎಂದರಂತೆ. ಓದಿದವರು, ಸರ್ಕಾರದ ಕಾಗದ ನೋಡಿಕೊಂಡು ಹೇಳುತ್ತಿದ್ದಾರೆ, ಮುಂದೆ ಏನೋ ವ್ಯವಸ್ಥೆ ಆಗುತ್ತದೇನೋ ಎಂದುಕೊಂಡು ಗೌಡರು ಸುಮ್ಮನಾದರು. ತೆಪ್ಪವನ್ನು ಮೀನು ಹಿಡಿಯುವವರಿಗೆ ಕೊಟ್ಟುಬಿಟ್ಟರು.

ಆಷಾಢದಲ್ಲಿ ನೀರು ಏರಿತು. ಒಂದು ಬೆಳಿಗ್ಗೆ ದಾರಿಯ ಮೇಲೆ ಪಾದ ಮುಳುಗುವಷ್ಟು, ವಾರ ಕಳೆಯುವುದರೊಳಗೆ ಆಳೆತ್ತರ. ಟೀಚರ್ ಗಟ್ಟಿ ಹೆಂಗಸು. ಮೀನಿನವರನ್ನು ಗೊತ್ತು ಮಾಡಿಕೊಂಡು ವಾರಕ್ಕೆರಡು ಸಲ ಅಕ್ಕಿ, ಹಾಲಿನ ಪುಡಿ, ನಂಜುಂಡನ ಮಾತ್ರೆ ತರಿಸಿಕೊಂಡರು. ಜೊತೆಗೇ ಒಂದು ಅರ್ಜಿ ಬರೆದರು. ಅವರ ಅಕ್ಷರ ಎಂದರೆ ಕಾಪಿ ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ. ನಕ್ಷೆಯಲ್ಲಿ ತೋರಿಸಿರುವ ದಾರಿ ನೀರಿನಲ್ಲಿದೆ, ಅದನ್ನು ಎತ್ತರಿಸಿಕೊಡಿ, ಆಗದಿದ್ದರೆ ಕಾಯಂ ಒಂದು ತೆಪ್ಪದ ವ್ಯವಸ್ಥೆ ಮಾಡಿಕೊಡಿ, ಮನೆಯಲ್ಲಿ ಫಿಟ್ಸ್ ಬರುವ ರೋಗಿ ಇದ್ದಾನೆ. ಆ ಅರ್ಜಿ ಮೇಲೆ ಎಲ್ಲೆಲ್ಲೋ ತಿರುಗಿ, ‘ದಾರಿಯ ಬಗ್ಗೆ ವರದಿ ನೀಡುವುದು’ ಎಂದು ನನ್ನ ಮೇಜಿಗೆ ಬಂತು.

ನಾನು ಸ್ಥಳಕ್ಕೆ ಹೋಗಲಿಲ್ಲ. ಹೋಗುವುದಕ್ಕೆ ದಾರಿ ಇರಲಿಲ್ಲವಲ್ಲ. ಅಷ್ಟು ಗೊತ್ತಿದ್ದೂ ಕೂತಲ್ಲೇ ಬರೆದೆ, ‘ಗ್ರಾಮ ನಕ್ಷೆಯಂತೆ ಸದರಿ ಜಮೀನಿಗೆ ಬಂಡಿದಾರಿ ಇರುತ್ತದೆ.’ ಈ ಸಲ ಮೊದಲಿನಿಂದಲೇ ಶಾಯಿಯಲ್ಲಿ. ಹಿಂದೆ ಕೊಟ್ಟ ನಕ್ಷೆಗೆ ಈಗಿನ ವರದಿ ತಾಳೆಯಾಗಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ದಾರಿ ಇರುವುದರಿಂದ ತೆಪ್ಪದ ಅವಶ್ಯಕತೆ ಕಂಡುಬರುವುದಿಲ್ಲ ಎಂದು ಅರ್ಜಿ ಮುಕ್ತಾಯವಾಯಿತು. ಅದರ ಪ್ರತಿ ನನಗೂ ಬಂತು. ಕಡತಕ್ಕೆ ಸೇರಿಸಿದೆ.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಂಜುಂಡನಿಗೆ ಫಿಟ್ಸ್ ಬಂತು. ನಿಂತಿತು, ಮತ್ತೆ ಬಂತು. ಮೀನಿನವರು ಬರುವ ದಿನವಲ್ಲ. ಟೀಚರ್ ಜವರೇಗೌಡರಿಗೆ ಫೋನು ಮಾಡಿದರು. ಗೌಡರು ಗದ್ದೆಯಿಂದ ಓಡಿ ತಾವೇ ಕೊಟ್ಟುಬಿಟ್ಟಿದ್ದ ತೆಪ್ಪವನ್ನು ಹುಡುಕಿದರು. ಅದು ಮೂರು ಮೈಲಿ ಕೆಳಗೆ ಇನ್ನೊಂದು ಊರಿನ ದಡದಲ್ಲಿತ್ತು. ಅಲ್ಲಿಂದ ಗಾಳಿಗೆ ಎದುರಾಗಿ ಹುಟ್ಟು ಹಾಕಿಕೊಂಡು ದಿಣ್ಣೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಮುಂದಿನದನ್ನು ಗೌಡರು ನಮ್ಮ ಆಫೀಸಿನ ಬಾಗಿಲಲ್ಲಿ ನಿಂತು ನನಗೆ ಹೇಳಿದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

‘ನಾವು ಹೋದಾಗ ಉಸಿರಿತ್ತು ಕಣವ್ವ. ತೆಪ್ಪಕ್ಕೆ ಮಲಗಿಸಿಕೊಂಡ್ವಿ. ಟೀಚರಮ್ಮ ಅವನ ತಲೆ ತೊಡೆ ಮೇಲಿಟ್ಕೊಂಡು, ನೀರು ಕಾಣ್ದಂಗೆ ಸೆರಗಲ್ಲಿ ಕಣ್ಣು ಮುಚ್ಚಿದ್ರು. ನಡುನೀರಿಗೆ ಬರೋ ಹೊತ್ತಿಗೆ ನಿಂತೋಯ್ತು. ಆ ಯಮ್ಮ ಸೆರಗು ತೆಗೀಲೇ ಇಲ್ಲ, ದಡ ಮುಟ್ಟೋಗಂಟ. ನಿಮ್ಮ ನಕ್ಷೆ ನಂಗೆ ಓದಕ್ಕೆ ಬರಾಕಿಲ್ಲ. ಅದರಾಗೆ ಏನು ಬರೆದಿದ್ರಿ ನೀವು?’

ನಾನು ಬರೆದದ್ದನ್ನು ಹೇಳಿದೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ವಿಚಾರಣೆ ನಡೆಯಿತು. ಕಡತ ತರಿಸಿ ನೋಡಿದರು. ನಕ್ಷೆ ಮೂಲ ದಾಖಲೆಗೆ ಸರಿಯಾಗಿ ತಾಳೆಯಾಗುತ್ತದೆ, ವರದಿ ನಕ್ಷೆಗೆ ತಾಳೆಯಾಗುತ್ತದೆ, ಭೂಮಾಪಕರ ಕಡೆಯಿಂದ ಲೋಪ ಕಂಡುಬಂದಿಲ್ಲ ಎಂದು ಬರೆದರು. ಆಫೀಸಿನಲ್ಲಿ ಎಲ್ಲರೂ ಗೆದ್ದೆ ಎನ್ನುವ ಹಾಗೆ ನನ್ನ ಕಡೆ ನೋಡಿದರು. ಯಾರೋ ಸಿಹಿ ಎಲ್ಲಿ ಎಂದೂ ಕೇಳಿದರು, ಅವರಿಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ನಾನು ಹಿಂದಿನ ಕೋಣೆಗೆ ಹೋಗಿ, ಹಳೇ ನಕ್ಷೆಗಳನ್ನು ಇಡುವ ಕಬ್ಬಿಣದ ಬೀರುವಿನ ಹಿಂದೆ ನಿಂತು ಅತ್ತೆ. ಅದರಿಂದ ಏನೂ ಕಡಿಮೆಯಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ಆದರೆ ಬುದ್ಧಿ ನನಗೆ ಮೊದಲೇ ಇತ್ತು. ಅದು ಪೆನ್ಸಿಲಿನಲ್ಲಿತ್ತು, ಅಷ್ಟೇ.

ನಿಮಗೆ ಯಾವ ನಿಯಮವೂ ಸುಳ್ಳು ಹೇಳಿ ಎನ್ನುವುದಿಲ್ಲ. ಖಾತೆ ಇದ್ದರೆ ಕಟ್ಟಬಹುದು ಎಂದು ಜನ ತಿಳಿದುಕೊಳ್ಳುತ್ತಾರೆ, ಕಟ್ಟಲಾಗುವುದಿಲ್ಲ. ಪಹಣಿಯಲ್ಲಿ ಹೆಸರಿದ್ದರೆ ಹೋಗಿ ಇರಬಹುದು ಎಂದು ತಿಳಿದುಕೊಳ್ಳುತ್ತಾರೆ, ಎಲ್ಲ ಕಡೆಯೂ ಇರಲಾಗುವುದಿಲ್ಲ. ಅವರ ಎದುರಿಗೆ ನಿಂತಿರುವವರು ನೀವು. ಅವರು ಕೇಳುವುದು ಕಾಗದದಲ್ಲಿ ಏನಿದೆ ಎಂದಲ್ಲ, ನಾವು ಇಲ್ಲಿ ಬದುಕಬಹುದಾ ಎಂದು. ಅದಕ್ಕೆ ಉತ್ತರ ಕೊಡುವುದು ನಿಮ್ಮ ಕೆಲಸವಲ್ಲ ಎಂದು ಮೇಲಿನವರು ಹೇಳುತ್ತಾರೆ. ಹೇಳಲಿ. ನೀವು ಕೊಡಿ. ದೂರು ಬಂದರೆ ಬರಲಿ.

ಮಾಘದ ಹೊತ್ತಿಗೆ ಅದೇ ದಿಣ್ಣೆಯ ಅಳತೆಗೆ ಮತ್ತೊಂದು ಅರ್ಜಿ ಬಂತು. ಅರ್ಜಿದಾರರು ವಿಶಾಲಾಕ್ಷಿ ಟೀಚರ್. ಹಾಸನದವರು ಯಾರೋ ಆ ಮನೆಯನ್ನು ಹೋಂಸ್ಟೇ ಮಾಡುವುದಕ್ಕೆ ಕೇಳಿದ್ದರು, ಮುಂಗಡ ಕೊಡುವ ಮೊದಲು ಗಡಿ ಗುರುತಿಸಿದ ಹೊಸ ನಕ್ಷೆ ಬೇಕು ಎಂದಿದ್ದರು. ಬೇರೆಯವರನ್ನು ಕಳಿಸಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ, ಹೋದೆ.

ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮೀನಿನವರ ತೆಪ್ಪದಲ್ಲಿ ನಾನೂ ಟೀಚರೂ ಎದುರುಬದುರು ಕೂತು ಹೋದೆವು. ಅವರು ಅರಸೀಕೆರೆಗೆ ವಾಪಸು ಬಂದು ಸ್ಟೇಷನ್ನಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಬೇರೆಡೆ ಸಿಗಲಿಲ್ಲ, ಗಾಡಿ ಕೂಗಿದಾಗಲೆಲ್ಲ ಎದ್ದು ಬಾಗಿಲ ಹತ್ತಿರ ಹೋಗುತ್ತೇನೆ ಎಂದು ಹೇಳಿದರು. ನಾನು ಕ್ಷಮಿಸಿ ಎನ್ನಬೇಕೆಂದು ಬೇಲೂರಿನಿಂದ ಹೊರಡುವಾಗಲೇ ಯೋಚಿಸಿಕೊಂಡಿದ್ದೆ. ಅವರ ಎದುರಿಗೆ ಕೂತಾಗ ಅದು ಹೇಳುವಂಥ ಮಾತು ಅನ್ನಿಸಲಿಲ್ಲ.

ಯಂತ್ರ ಇಟ್ಟು ನಾಲ್ಕು ಮೂಲೆ ಹಿಡಿಯುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಜಗುಲಿಯ ಮೇಲೆ ಕೂತು ಕಾಗದ ಬಿಡಿಸಿದೆ. ಟೀಚರ್ ಪಕ್ಕದಲ್ಲಿ ನಿಂತಿದ್ದರು.

‘ಹೋದ ಸಲದ ನಕ್ಷೆಗೆ ಇದೂ ಹೊಂದಬೇಕಲ್ವಾ ಮೇಡಂ. ಹಾಗೇ ಬರ್ಕೊಡಿ’ ಎಂದರು. ನನ್ನ ಮುಖ ನೋಡಲಿಲ್ಲ.

ಅವರು ಕೇಳುತ್ತಿರುವುದು ಏನೆಂದು ನನಗೆ ತಿಳಿಯಿತು. ಅವರಿಗಿದ್ದದ್ದೆಲ್ಲ ಈ ದಿಣ್ಣೆಯ ಮೇಲಿತ್ತು. ಇದು ಮಾರಿಹೋದರೆ ಸ್ಟೇಷನ್ನಿನ ಹಿಂದಿನ ಕೋಣೆ ಬಿಟ್ಟು, ಗಾಡಿಯ ಕೂಗು ಕೇಳಿಸದ ಕಡೆ ಎಲ್ಲಾದರೂ ಹೋಗಿ ಇರಬಹುದು. ಹಾಗೆಯೇ ಬರೆದುಕೊಟ್ಟರೆ ನಾಳೆ ಇಲ್ಲಿಗೆ ಇನ್ನಾರೋ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ ಟೀಚರ್, ಎಂದೆ. ಅವರು ನೀರಿನ ಕಡೆ ತಿರುಗಿ ನಿಂತರು. ಬರೆಯಿರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ನಾನು ಶಾಯಿಯ ಪೆನ್ನು ತೆಗೆದು ಚುಕ್ಕೆ ಗೆರೆಯ ಪಕ್ಕದಲ್ಲಿ ಬರೆದೆ, ‘ಈ ದಾರಿ ನೀರಿನಲ್ಲಿ ಮುಳುಗಿದೆ. ಮಳೆಗಾಲದಲ್ಲಿ ಹೋಗಿಬರಲು ದಾರಿ ಇಲ್ಲ.’ ಕೆಳಗೆ ಸಹಿ ಹಾಕಿದೆ. ಅಷ್ಟು ಬಿದ್ದ ಮೇಲೆ ಹಾಸನದವರು ಮುಂಗಡ ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೊಡಲೂ ಇಲ್ಲ. ಮನೆ ಇವತ್ತಿಗೂ ಮಾರಾಟವಾಗಿಲ್ಲ, ಟೀಚರ್ ಇವತ್ತಿಗೂ ಆ ಕೋಣೆಯಲ್ಲೇ ಇದ್ದಾರೆ.

ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಕೈಗೆ ತೆಗೆದುಕೊಂಡರು. ಮಕ್ಕಳ ಕಾಪಿ ತಿದ್ದುವವರ ಹಾಗೆ ಒಂದೊಂದು ಪದದ ಕೆಳಗೂ ಬೆರಳಿಟ್ಟುಕೊಂಡು ಓದಿದರು. ಓದಿ, ಆ ಎರಡು ಸಾಲಿನ ಮೇಲೆ ಬೆರಳು ಹಾಗೇ ಇಟ್ಟುಕೊಂಡು ಕೇಳಿದರು.

‘ಇಷ್ಟೇನಾ ಮೇಡಂ? ಇಷ್ಟು ಬರೆಯೋಕೆ ಹೋದ ಸಲ ಜಾಗ ಇರಲಿಲ್ವಾ?’

‘ಇತ್ತು ಟೀಚರ್’ ಎಂದೆ.